ಸುಗಮ್ಯ ಭಾರತ ಅಭಿಯಾನ

ಸುಗಮ್ಯ ಭಾರತ ಅಭಿಯಾನವು ಅಂಗವಿಕಲರು ಕಟ್ಟಡ, ಸಾರಿಗೆ ಹಾಗೂ ಮಾಹಿತಿ ಸೇವೆಗಳನ್ನು ಇತರರಂತೆಯೇ ಬಳಸಲು ಅನುವಾಗುವಂತೆ ಭಾರತ ಸರ್ಕಾರವು ಕೈಗೊಂಡ ಕಾರ್ಯಕ್ರಮ. ಇದು 2015ರ ಡಿಸೆಂಬರ್ 3ರಂದು, ವಿಶ್ವ ಅಂಗವಿಕಲರ ದಿನದಂದು ಆರಂಭವಾಯಿತು.

ಸ್ವರೂಪ

ಮೆಟ್ಟಿಲುಗಳ ಜೊತೆಗೆ ಇಳಿಜಾರು ದಾರಿ, ಗಾಲಿಕುರ್ಚಿಗೆ ಸಾಕಾಗುವಷ್ಟು ಅಗಲವಾದ ಬಾಗಿಲು ಮತ್ತು ಶೌಚಾಲಯ, ಪಾದಕ್ಕೆ ತಿಳಿಯುವಂತಹ ಉಬ್ಬುಗೆರೆಯ ನೆಲಹಾಸು ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ಇಳಿಜಾರು ದಾರಿಯು ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯನ್ನು ಸ್ವತಃ ನಡೆಸುವುದು ಕಷ್ಟ. ಜಾಲತಾಣದ ಚಿತ್ರಗಳಿಗೆ ಪಠ್ಯ ವಿವರಣೆಯಿದ್ದರೆ ಪರದೆ ಓದುವ ತಂತ್ರಾಂಶವು ಅದನ್ನು ಅಂಧರಿಗೆ ಓದಿ ಹೇಳುತ್ತದೆ.

ಕಾನೂನು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರಕಾರ, ಅಸ್ತಿತ್ವದಲ್ಲಿರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಮಾರ್ಪಡಿಸಬೇಕಿತ್ತು. ನಿಯಮಗಳು 2017ರಲ್ಲಿ ಪ್ರಕಟವಾದವು. ಆದರೆ ಅವುಗಳ 15ನೆಯ ನಿಯಮದಲ್ಲಿ ಉಲ್ಲೇಖಿಸಲಾದ ಮಾರ್ಗಸೂಚಿಗಳು ಕೇವಲ ಶಿಫಾರಸಿನ ರೂಪದಲ್ಲಿವೆ ಎಂದು ಕಂಡುಕೊಂಡ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್‌ನಲ್ಲಿ ಆ ನಿಯಮವು ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ವಿಧಿಸಿತು.

ಡಿಜಿಟಲ್ ಸೇವೆಗಳು

ಕಣ್ಣು ಮಿಟುಕಿಸಿ ಗುರುತು ದೃಢಪಡಿಸಬೇಕಾದ ಇ-ಕೆವೈಸಿ ಪದ್ಧತಿಯು ಆಸಿಡ್ ದಾಳಿಯ ಸಂತ್ರಸ್ತರಿಗೂ ಅಂಧರಿಗೂ ತೊಡಕಾಗಿತ್ತು. ಈ ಕುರಿತ ಅರ್ಜಿಗಳ ಮೇಲೆ 2025ರ ಏಪ್ರಿಲ್‌ನಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಹೀಗೆ ಅನುಕೂಲವೆಂದು ಎಣಿಸಲಾಗುತ್ತಿದ್ದ ಸುಗಮ್ಯತೆಯು ಹಕ್ಕಿನ ಸ್ಥಾನವನ್ನು ಪಡೆಯಿತು.