ಜೋಗೇಶ್ವರಿಯಲ್ಲಿ ಯಾವ ಅಕ್ಷರ?

1950ರಲ್ಲಿ ಮುಂಬಯಿ ನಗರಪಾಲಿಕೆಯ ಗಡಿಯನ್ನು ಉತ್ತರಕ್ಕೆ ಸರಿಸಿದಾಗ ಪಶ್ಚಿಮ ರೈಲುದಾರಿಯ ಮೇಲೆ ಅದು ಬಂದು ನಿಂತದ್ದು ಜೋಗೇಶ್ವರಿಯಲ್ಲಿ. 1957ರಲ್ಲಿ ದಹಿಸರ್‌ವರೆಗೆ ಮತ್ತೆ ಹಿಗ್ಗುವ ತನಕ, ಏಳು ವರ್ಷ, ನಗರ ಇಲ್ಲಿಗೇ ಮುಗಿಯುತ್ತಿತ್ತು. ರೈಲುಹಳಿಯ ಪೂರ್ವಕ್ಕೆ ಆರನೆಯ ಶತಮಾನದ ಗುಹಾಲಯವಿದೆ. ಗುಡ್ಡದ ಮೇಲೆ 1930ರಲ್ಲಿ ಶುರುವಾದ ಇಸ್ಮಾಯಿಲ್ ಯೂಸುಫ್ ಕಾಲೇಜು ಇದೆ. ಗುಹೆಗೂ ಕಾಲೇಜಿಗೂ ಸುತ್ತಲೂ, ಇದ್ದ ಜಾಗದಲ್ಲೆಲ್ಲ, ಬಂದವರು ಕಟ್ಟಿಕೊಂಡ ಖೋಲಿಗಳು. ಕೊಂಕಣದವರು, ಉತ್ತರಪ್ರದೇಶದವರು, ಅವರ ನಡುವೆ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಕಾಲೇಜಿನ ಕಾಂಪೌಂಡಿನಿಂದ ಹತ್ತು ನಿಮಿಷ ನಡೆದರೆ ಹೆಬ್ಬೆಟ್ಟು ಒತ್ತುವವರ ಓಣಿ ಸಿಗುತ್ತದೆ. ಇದರಲ್ಲಿ ಜೋಗೇಶ್ವರಿಯ ವಿಶೇಷವೇನೂ ಇಲ್ಲ, ಮುಂಬಯಿ ಇರುವುದೇ ಹೀಗೆ.

2011ರ ಜನಗಣತಿಯ ಪ್ರಕಾರ ಮುಂಬಯಿ ಉಪನಗರ ಜಿಲ್ಲೆಯ ಸಾಕ್ಷರತೆ ಹತ್ತಿರ ಹತ್ತಿರ ನೂರಕ್ಕೆ 90. ಕೇಳಲು ಚೆನ್ನಾಗಿದೆ. ಆದರೆ ಜಿಲ್ಲೆಯ ಜನಸಂಖ್ಯೆ 93 ಲಕ್ಷ ದಾಟಿತ್ತು. ಚಿಕ್ಕ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೂ ಉಳಿದ ಹತ್ತು ಪಾಲೆಂದರೆ ಎಂಟು ಲಕ್ಷದಷ್ಟು ಜನ. ಶೇಕಡಾವಾರು ಲೆಕ್ಕಕ್ಕೆ ಇಂಥವರನ್ನು ಮರೆಸುವ ಗುಣವಿದೆ.

ಎರಡು ವರ್ಷದಿಂದ ನಾನು ಇಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಪಾಠ ಹೇಳುತ್ತಿದ್ದೇನೆ. ಮೂರರಿಂದ ನಾಲ್ಕೂವರೆ, ಮನೆಗೆಲಸದ ಹೆಂಗಸರಿಗೆ ಬೆಳಗಿನ ಮನೆಗಳು ಮುಗಿದು ಸಂಜೆಯವು ಶುರುವಾಗುವ ನಡುವಿನ ಹೊತ್ತು. ಬರುವವರು ಎಂಟೋ ಒಂಬತ್ತೋ ಜನ. ನಾಲ್ವರ ಮನೆಮಾತು ಕನ್ನಡ, ಉಳಿದವರದು ಮರಾಠಿ ಇಲ್ಲವೇ ಹಿಂದಿ. ಭಾಷಾಶಾಸ್ತ್ರ ಓದಿದವಳಿಗೆ ಮೊದಲ ದಿನವೇ ಎದುರಾದ ಪ್ರಶ್ನೆ, ಈ ನಾಲ್ವರಿಗೆ ಕಲಿಸಬೇಕಾದದ್ದು ಯಾವ ಅಕ್ಷರ? ಪುಸ್ತಕದ ಉತ್ತರ ಸುಲಭ. ಓದು ಶುರುವಾಗಬೇಕಾದದ್ದು ತಾಯ್ನುಡಿಯಲ್ಲಿ ಎಂದು ಯುನೆಸ್ಕೋ 1953ರಲ್ಲೇ ವರದಿ ಮಾಡಿದೆ, ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇವೆ. ಆದರೆ ಯಾದಗಿರಿ ಕಡೆಯ ಹೆಂಗಸೊಬ್ಬರು ಕೇಳಿದರು: “ಅಕ್ಕಾರ, ಕನ್ನಡ ಕಲ್ತು ನಾ ಇಲ್ಲಿ ಏನ್ ಓದ್ಲಿ? ಕಾಗದ ಬರೂದೆಲ್ಲಾ ಮರಾಠಿದಾಗ.”

ಮುಂಬಯಿಯ ಕನ್ನಡಿಗರಿಗೆ ಈ ಪ್ರಶ್ನೆ ಹಿಂದೆ ಹೀಗೆ ಎದುರಾಗಿರಲಿಲ್ಲ. ಏಕೆಂದು ತಿಳಿಯಬೇಕಾದರೆ ರಾತ್ರಿ ಶಾಲೆಗಳ ಕಾಲಕ್ಕೆ ಹೋಗಬೇಕು.

ದುಡಿಯುವವರಿಗೆ ರಾತ್ರಿ ಪಾಠ ಎಂಬುದು ಈ ಸೀಮೆಗೆ ಹಳೆಯದು. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲಿ ಕೂಲಿಯವರಿಗಾಗಿ ತಮ್ಮ ಮನೆಯಲ್ಲೇ ರಾತ್ರಿ ಶಾಲೆ ನಡೆಸಿದರು. ಮುಂಬಯಿಯಲ್ಲಿ ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕಾರ್ಮಿಕರ ನಡುವೆ ಅದೇ ಕೆಲಸ ಮಾಡಿತು. ಕರಾವಳಿಯ ಕನ್ನಡಿಗರು ತಮ್ಮದೇ ಸಂಘಗಳ ಮೂಲಕ ಇದಕ್ಕೆ ಕೈಹಾಕಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಅದರ ರಾತ್ರಿ ಶಾಲೆಯಲ್ಲೂ ಕೋಟೆ ಪ್ರದೇಶದ ಇತರ ಕನ್ನಡ ರಾತ್ರಿ ಶಾಲೆಗಳಲ್ಲೂ ಕೂತು ಓದಿದವರು ಹೋಟೆಲಿನ ಹುಡುಗರು, ಕ್ಯಾಂಟೀನಿನ ಹುಡುಗರು, ಆಫೀಸಿನ ಜವಾನರು. ಹಗಲು ಲೋಟ ತೊಳೆದು, ಸಂಜೆ ಕೈ ಒರೆಸಿಕೊಂಡು ಬಂದು ಬೆಂಚಿನ ಮೇಲೆ ಕೂತವರು. ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿ ಮುಂದೆ ಗುಮಾಸ್ತರಾದವರು, ವಕೀಲರಾದವರು, ಪತ್ರಕರ್ತರಾದವರು, ಸ್ವಂತ ಹೋಟೆಲು ಇಟ್ಟವರು ಎಷ್ಟೋ ಮಂದಿ. ಮುಂಬಯಿ ಕನ್ನಡಿಗರ ಯಾವ ಸಮಾರಂಭಕ್ಕೆ ಹೋದರೂ “ನಾನು ನೈಟ್ ಸ್ಕೂಲಿನವ” ಎಂದು ಎದೆಯುಬ್ಬಿಸಿ ಹೇಳುವ ಹಿರಿಯರೊಬ್ಬರು ಸಿಗುತ್ತಾರೆ.

ಈ ಕಥೆಯನ್ನು ನಾವು ಕನ್ನಡಾಭಿಮಾನದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆ ಹುಡುಗರಲ್ಲಿ ಬಹುಪಾಲಿನವರ ಮನೆಮಾತು ತುಳು; ಕೊಂಕಣಿಯವರೂ ಇದ್ದರು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ತೆರೆದ ಮೇಲೆ ತುಳು ಕೂಡ ಕನ್ನಡ ಲಿಪಿಯಲ್ಲೇ ಅಚ್ಚಾಗತೊಡಗಿತು. ಊರಿನ ಶಾಲೆ ಕನ್ನಡದ್ದು, ಕೋರ್ಟು ಕಚೇರಿಯ ಕಾಗದ ಕನ್ನಡದ್ದು. ಹಾಗಾಗಿ ಮುಂಬಯಿಯ ರಾತ್ರಿ ಶಾಲೆಯಲ್ಲಿ ಹುಡುಗ ಕಲಿತದ್ದು ತಾಯ್ನುಡಿಯ ಓದಲ್ಲ, ಊರಿನ ಕಾಗದದ ಓದು. ಊರಿಗೆ ಕಳಿಸುವ ಮನಿಯಾರ್ಡರಿನ ಕೂಪನ್ನಿನಲ್ಲಿ ಎರಡು ಸಾಲು ಗೀಚಬೇಕು. ಊರಿಂದ ಬಂದ ಕಾರ್ಡನ್ನು ಇನ್ನೊಬ್ಬನ ಕೈಲಿ ಓದಿಸದೆ ತಾನೇ ಓದಿಕೊಳ್ಳಬೇಕು. ತಂಗಿಗೆ ಗಂಡು ಗೊತ್ತಾದದ್ದು, ಅಪ್ಪನಿಗೆ ಕಾಯಿಲೆಯಾದದ್ದು, ಜಾಗದ ತಕರಾರು ಕೋರ್ಟಿಗೆ ಹೋದದ್ದು, ಎಲ್ಲವೂ ಬರುತ್ತಿದ್ದುದು ಕನ್ನಡ ಅಕ್ಷರದಲ್ಲಿ. ಬದುಕಿಗೆ ಬೇಕಾದ ಕಾಗದ ಯಾವ ಲಿಪಿಯಲ್ಲಿತ್ತೋ ಶಾಲೆಯ ಲಿಪಿಯೂ ಅದೇ ಆಗಿತ್ತು. ಆ ಶಾಲೆಗಳು ಗೆದ್ದದ್ದಕ್ಕೆ ಮೇಷ್ಟರುಗಳ ತ್ಯಾಗದಷ್ಟೇ ಇದೂ ಕಾರಣ ಎಂದು ನನ್ನ ಅಂದಾಜು.

ಇನ್ನೊಂದು ಮಾತನ್ನೂ ಹೇಳಬೇಕು. ರಾತ್ರಿ ಶಾಲೆಯ ವಿದ್ಯಾರ್ಥಿ ಹೆಚ್ಚಾಗಿ ಹುಡುಗ, ಊರಲ್ಲಿ ಮೂರೋ ನಾಲ್ಕೋ ಕ್ಲಾಸು ಓದಿ ಬಂದವನು. ಅಕ್ಷರವನ್ನೇ ಕಾಣದ ನಲವತ್ತರ ಹೆಂಗಸಿಗೆ ಅಲ್ಲಿ ಬೆಂಚಿರಲಿಲ್ಲ. ಕರಾವಳಿಯಲ್ಲಿ ಶಾಲೆಗಳು ಹೆಚ್ಚಿದವು, ಹುಡುಗರು ಓದು ಮುಗಿಸಿಯೇ ಹೊರಡತೊಡಗಿದರು. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲೂ ಮನೆಗೆಲಸಕ್ಕೂ ಮಕ್ಕಳನ್ನು ಇಟ್ಟುಕೊಳ್ಳುವುದೇ ನಿಷಿದ್ಧವಾಯಿತು. ಕನ್ನಡ ರಾತ್ರಿ ಶಾಲೆಗಳು ಬಡವಾದುದಕ್ಕೆ ಮರುಗುವವರು, ಅದರ ಒಂದು ಕಾರಣ ಒಳ್ಳೆಯದೇ ಎಂಬುದನ್ನೂ ನೆನೆಯಬೇಕು.

ದೊಡ್ಡವರ ಅಕ್ಷರದ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಅಮೆರಿಕದ ಮಿಷನರಿ ಫ್ರ್ಯಾಂಕ್ ಲೌಬಾಕ್ ಫಿಲಿಪೀನ್ಸಿನಲ್ಲಿ ರೂಢಿಸಿದ ‘ಒಬ್ಬರು ಒಬ್ಬರಿಗೆ ಕಲಿಸಿ’ ಎಂಬ ಕ್ರಮವನ್ನು 1935ರಲ್ಲಿ ಭಾರತಕ್ಕೆ ತಂದರು. ಸಂಬಳ ಕೊಡಲು ದುಡ್ಡಿಲ್ಲದಾಗ ಹುಟ್ಟಿದ ಕ್ರಮ ಅದು, ನಮ್ಮಲ್ಲಿ ಇಂದಿಗೂ ಅದೇ ಕಾರಣಕ್ಕೆ ಬಾಳುತ್ತಿದೆ. ಬಿ.ಜಿ. ಖೇರ್ ಅವರ ಸರ್ಕಾರ 1938ರಲ್ಲಿ ವಯಸ್ಕರ ಶಿಕ್ಷಣ ಸಮಿತಿ ರಚಿಸಿತು, ಮರುವರ್ಷ ಮುಂಬಯಿ ನಗರದಲ್ಲಿ ಸಾಕ್ಷರತೆಯ ಚಳವಳಿ ನಡೆಯಿತು. 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು, ಗುರಿ ಹತ್ತು ಕೋಟಿ ಜನ. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಅದು ‘ಸಾಕ್ಷರ’ ಎಂಬುದಕ್ಕೆ ಅಳತೆ ಗೊತ್ತುಮಾಡಿತು: ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು, ಹೇಳಿದ್ದನ್ನು 5 ಪದ ಬರೆದುಕೊಳ್ಳಬೇಕು. ಎಲ್ಲಿಯ ಪದ, ಯಾರಿಗೆ ಬೇಕಾದ ಪದ ಎಂಬುದು ಅಳತೆಯೊಳಗೆ ಇರಲಿಲ್ಲ.

ಆದರೆ ಪದಗಳಿಗೆ ಅವುಗಳದೇ ಹಟವಿದೆ. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹೆಂಗಸರು ಪಠ್ಯದಲ್ಲಿದ್ದ ಸೀತಮ್ಮನೆಂಬವಳ ಕಥೆ ಓದಿ ಹೆಂಡದಂಗಡಿ ಮುಚ್ಚಿಸಲು ಹೊರಟರು. 1992ರಲ್ಲಿ ಅದು ಆಂಧ್ರದುದ್ದಕ್ಕೂ ಹಬ್ಬಿತು. ಮುಂಬಯಿಯಲ್ಲಿ ‘ಕೋರೊ’ ಎಂಬ ಸಂಸ್ಥೆ 1989ರಲ್ಲಿ ಶುರುವಾದದ್ದು ಝೋಪಡಪಟ್ಟಿಗಳ ದೊಡ್ಡವರಿಗೆ ಅಕ್ಷರ ಕಲಿಸಲು, ಹೆಸರಿನಲ್ಲೇ ಸಾಕ್ಷರತೆ ಇತ್ತು. ಮುಂದೆ ಅದರ ಕೆಲಸದ ಮುಖ್ಯ ಭಾಗ ಹೆಂಗಸರ ಹಕ್ಕಿನ ಕಡೆ ತಿರುಗಿತು. ಥಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿಯಲ್ಲಿ 2016ರ ಮಹಿಳಾ ದಿನದಂದು ಶುರುವಾದ ಅಜ್ಜಿಯರ ಶಾಲೆಯನ್ನು ನೀವು ಚಿತ್ರಗಳಲ್ಲಿ ಕಂಡಿರಬಹುದು, ಗುಲಾಬಿ ಸೀರೆಯುಟ್ಟು ಪಾಟಿಚೀಲ ಹೊತ್ತ ಅಜ್ಜಿಯರು. ಅಲ್ಲಿ ಮನೆಯ ಮಾತು, ಪಾಟಿಯ ಮೇಲಿನ ಮಾತು, ಬ್ಯಾಂಕಿನ ಚೀಟಿಯ ಮಾತು ಎಲ್ಲ ಮರಾಠಿಯೇ. ಜೋಗೇಶ್ವರಿಗೆ ಆ ಭಾಗ್ಯವಿಲ್ಲ.

ಇಲ್ಲಿಯ ಕಾಗದ ಯಾವುದು? ಮನಿಯಾರ್ಡರಿನ ಹಳೆಯ ಪದ್ಧತಿಯನ್ನು ಅಂಚೆ ಇಲಾಖೆ 2015ರಲ್ಲಿ ನಿಲ್ಲಿಸಿತು. ಊರಿಗೆ ದುಡ್ಡು ಮೊಬೈಲಿನಲ್ಲಿ ಹೋಗುತ್ತದೆ, ಸುದ್ದಿ ವಾಟ್ಸ್ಯಾಪಿನಲ್ಲಿ ಧ್ವನಿಯಾಗಿ ಬರುತ್ತದೆ. ಕನ್ನಡ ಕಲಿಯಲು ಇದ್ದ ದೊಡ್ಡ ಕಾರಣವನ್ನು ಫೋನು ಸದ್ದಿಲ್ಲದೆ ತಿಂದುಹಾಕಿದೆ. ಆ ಜಾಗಕ್ಕೆ ಬಂದ ಕಾಗದ ಮನೆಯದು. 1995ರ ಕೊನೆಗೆ ಅಸ್ತಿತ್ವಕ್ಕೆ ಬಂದ ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರದ ಯೋಜನೆಯಲ್ಲಿ ಬಿಲ್ಡರು ಗುಡಿಸಲು ಕೆಡವಿ ಕಟ್ಟಡ ಕಟ್ಟುತ್ತಾನೆ. ಅರ್ಹರಾದ ನಿವಾಸಿಗಳಿಗೆ ಅದರಲ್ಲಿ ಉಚಿತ ಮನೆ. ಮೊದಲು 225 ಚದರಡಿ ಇತ್ತು, ಆಮೇಲೆ 269, ಈಗ 300. ಕೆಲಸ ಶುರುವಾಗಲು ನಿವಾಸಿಗಳ ಒಪ್ಪಿಗೆ ಬೇಕು. ಮೊದಲು ನೂರಕ್ಕೆ 70 ಮಂದಿಯದು ಬೇಕಿತ್ತು, ಈಗ 51 ಸಾಕು. ಯಾರು ಅರ್ಹರು, ಯಾರು ಅಲ್ಲ ಎಂಬುದು ‘ಪರಿಶಿಷ್ಟ-2’ ಎಂಬ ಪಟ್ಟಿಯಲ್ಲಿರುತ್ತದೆ. ಒಪ್ಪಿಗೆಪತ್ರ, ಪಟ್ಟಿ, ನೋಟೀಸು ಎಲ್ಲ ಮರಾಠಿ. ಅದೂ ಸಂತೆಯ ಮರಾಠಿಯಲ್ಲ, ಸಂಸ್ಕೃತ ತುಂಬಿದ ಕಚೇರಿಯ ಮರಾಠಿ. ಅನುವಾದ ಮಾಡಿ ಹೊಟ್ಟೆ ಹೊರೆಯುವ ನನಗೂ ಒಮ್ಮೊಮ್ಮೆ ಎರಡು ಸಲ ಓದಬೇಕಾಗುತ್ತದೆ. ಇಪ್ಪತ್ತೈದು ವರ್ಷ ಬಾಳಿದ ಖೋಲಿ ಉಳಿಯುವುದೂ ಹೋಗುವುದೂ ಈ ಹಾಳೆಯ ಮೇಲೆ ಒತ್ತುವ ಹೆಬ್ಬೆಟ್ಟಿನಲ್ಲಿ ಇರುವಾಗ, ತಾಯ್ನುಡಿಯ ಸಿದ್ಧಾಂತವನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು?

ಹಾಗಾಗಿ ದೇವನಾಗರಿಯಿಂದ ಶುರುಮಾಡಿದೆವು. ನಿಮಿಷಕ್ಕೆ 30 ಪದದ ಗುರಿ ಬಿಟ್ಟು, ಕಾಗದದಲ್ಲಿ ಹುಡುಕುವ ಕೆಲಸ ಹಿಡಿದೆವು. ತನ್ನ ಹೆಸರು ಎಲ್ಲಿದೆ? ಗಂಡನ ಹೆಸರು? ಖೋಲಿಯ ನಂಬರು? ‘ಪಾತ್ರ’ ಎಂದು ಬರೆದಿದೆಯೋ ‘ಅಪಾತ್ರ’ ಎಂದೋ? ಈ ಎರಡು ಪದಕ್ಕೆ ಇರುವ ವ್ಯತ್ಯಾಸ ಒಂದೇ ಅಕ್ಷರ, ಆ ಒಂದಕ್ಷರದ ಬೆಲೆ 300 ಚದರಡಿ. ಮೂರೇ ವಾರದಲ್ಲಿ ಎಲ್ಲರಿಗೂ ಗುರುತು ಸಿಕ್ಕಿತು. ವರ್ಣಮಾಲೆಯ ಕ್ರಮದಲ್ಲಿ ಹೋಗಿದ್ದರೆ ಅಷ್ಟರಲ್ಲಿ ‘ಐ’ ದಾಟುತ್ತಿದ್ದೆವೋ ಇಲ್ಲವೋ.

ಅಂಕಿಗಳು ಕಾಟ ಕೊಟ್ಟವು. ದುಡ್ಡಿನ ನೋಟು, ಫೋನು, ಗ್ಯಾಸಿನ ರಸೀತಿ ನೋಡಿ 1, 2, 3 ಎಲ್ಲರಿಗೂ ಗೊತ್ತಿತ್ತು. ಆದರೆ ಮರಾಠಿ ಕಾಗದದ ಒಂದು ನೋಡಲು 9ರ ಹಾಗೆ, ಏಳು ನೋಡಲು 6ರ ಹಾಗೆ. ಬೆಸ್ಟ್ ಬಸ್ಸಿನ ಹಣೆಯ ಮೇಲೂ ಅದೇ ಮರಾಠಿ ಅಂಕಿ. ಬಸ್ಸು ತಪ್ಪಿದರೆ ಮುಂದಿನದು ಬರುತ್ತದೆ, ಖೋಲಿಯ ನಂಬರು ತಪ್ಪಿದರೆ ಹಾಗಲ್ಲ.

ಕನ್ನಡವನ್ನು ಬಿಟ್ಟುಬಿಟ್ಟೆವೇ? ಬಿಡಲು ಒಬ್ಬರು ಬಿಡಲಿಲ್ಲ. ಗುಂಪಿನಲ್ಲೇ ಹಿರಿಯರಾದ ಕಲಬುರಗಿ ಕಡೆಯ ಅವ್ವ ಸ್ಲೇಟು ಕೆಳಗಿಟ್ಟು ಹೇಳಿದರು: “ಊರಿಂದ ಮದುವಿ ಕಾರ್ಡ್ ಬಂದ್ರ ಯಾರ ಮಗಳದು, ಯಾರ ಮಗಂದು ಅಂತ ನಾನ ಓದಬೇಕವಾ. ನಿನ್ನ ಬಿಲ್ಡರ್ ಕಾಗದಾ ನನ್ನ ಮಗಾ ನೋಡ್ಕೋತಾನ.” ಆಕೆಯ ಬದುಕಿನ ಕಾಗದ ಅದು. ಸರಿ, ಆಕೆಗೆ ಕನ್ನಡ. ಕರ್ನಾಟಕದ ಪಾಠಪುಸ್ತಕಗಳು ಅ-ಆ-ಇ-ಈ ಕ್ರಮ ಬಿಟ್ಟು ಆಕಾರ ಹೋಲುವ ರ, ಗ, ಸ, ದ, ಅ ಎಂಬ ಐದರಿಂದ ಶುರುಮಾಡುತ್ತವೆ. ಅದು ಜಾಣತನದ ಕ್ರಮ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಕೈಗೆ ಬರುತ್ತವೆ. ‘ದರ’ ಬರೆದ ದಿನ ಅವ್ವ ಅದನ್ನು ಮಾತ್ರ ನಾಲ್ಕು ಸಲ ಬರೆದರು.

ಉಳಿದ ಮೂವರು ಅವ್ವನ ಸ್ಲೇಟನ್ನು ಕದ್ದು ನೋಡತೊಡಗಿದ ಮೇಲೆ ನನಗೊಂದು ತಿಳಿಯಿತು. ದೇವನಾಗರಿಯ ಗುಣಿತ ಬಂದವರಿಗೆ ಕನ್ನಡದ ಗುಣಿತ ಅರ್ಧ ಬಂದಂತೆಯೇ. ಕ-ಕಾ-ಕಿ-ಕೀ ಎಂಬ ಮರ ಒಂದೇ, ಎಲೆಯ ಆಕಾರ ಬೇರೆ. ಮರಾಠಿಗೂ ನಮಗೂ ‘ಳ’ ಇದೆ. ‘ಎ’ಗೂ ‘ಏ’ಗೂ ಅಲ್ಲಿ ಗುರುತು ಒಂದೇ, ನಮ್ಮಲ್ಲಿ ಎರಡು. ದೇವನಾಗರಿಯ ಹ್ರಸ್ವ ಇಕಾರದ ಗೀಟು ವ್ಯಂಜನಕ್ಕಿಂತ ಮೊದಲೇ ಬಂದು ಎಡಗಡೆ ಕೂರುತ್ತದೆ. ಬಾಯಲ್ಲಿ ಆಮೇಲೆ, ಕೈಯಲ್ಲಿ ಮೊದಲು. ಇದೆಂಥ ಉಲ್ಟಾ ಎಂದು ಅವರು ನಕ್ಕಾಗ ನಮ್ಮ ಅರ್ಕಾವೊತ್ತನ್ನು ತೋರಿಸಿದೆ. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ರೇಫ ಕೈಗೆ ಕೊನೆಯಲ್ಲಿ ಬರುತ್ತದೆ. ಒಂದು ಲಿಪಿ ಮೊದಲು, ಇನ್ನೊಂದು ಬೆನ್ನಿಗೆ. ಈಗ ನಮ್ಮ ಕ್ರಮ ಇದು, ಯಾವುದು ಮೊದಲು ಎಂಬುದು ಕಲಿಯುವವರ ಮರ್ಜಿ.

ಸರ್ಕಾರದ ಈಗಿನ ಯೋಜನೆ ‘ಉಲ್ಲಾಸ್’. 2022ರಿಂದ 2027ರವರೆಗೆ ವರ್ಷಕ್ಕೆ ಒಂದು ಕೋಟಿಯಂತೆ ಐದು ಕೋಟಿ ಜನರಿಗೆ ಕಲಿಸುವ ಗುರಿ, ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಮನಸ್ಸಿನಿಂದ ಬರುವ ಕಾಲೇಜು ಹುಡುಗ ಹುಡುಗಿಯರನ್ನು ನಾನೂ ಕಂಡಿದ್ದೇನೆ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಇವರಿಗೆ ಬರುವ ಲಿಪಿ ಇಂಗ್ಲಿಷು, ಹಿಂದಿ, ಅಷ್ಟಿಷ್ಟು ಮರಾಠಿ. ಕನ್ನಡದ ಹೆಂಗಸು ಬಂದು ಕೂತರೆ ಅವಳಿಗೆ ಹಿಂದಿ ಸಿಗುತ್ತದೆ. ಅವಳು ಕೇಳಿದ್ದಕ್ಕಲ್ಲ, ಕಲಿಸುವವರಿಗೆ ಅದು ಬರುತ್ತದೆ ಎಂಬುದಕ್ಕೆ. ಮುಂಬಯಿ ಮಹಾನಗರಪಾಲಿಕೆ ಮಕ್ಕಳಿಗೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡ ಅದರಲ್ಲೊಂದು. ಆ ಮಕ್ಕಳ ತಾಯಂದಿರಿಗೆ ಹಾಗೆ ಆರಿಸಿಕೊಳ್ಳುವ ಹಾಸಿಗೆ ಹಾಸಿದವರು ಯಾರೂ ಇಲ್ಲ. ನಗರದ ಕನ್ನಡ ಸಂಘಗಳಲ್ಲಿ ರಾತ್ರಿ ಶಾಲೆಯ ನೆನಪಿನ ಭಾಷಣಕ್ಕೆ ಕೊರತೆಯಿಲ್ಲ. ಅಲ್ಲಿ ಕೂತು ಕೇಳುವ ನಿವೃತ್ತರಲ್ಲಿ ಕನ್ನಡ, ಮರಾಠಿ ಎರಡೂ ಲಿಪಿ ನೀರು ಕುಡಿದಷ್ಟು ಸಲೀಸಾಗಿ ಬರುವವರು ನೂರಾರು ಮಂದಿ ಇದ್ದಾರೆ. ಚರ್ಚ್‌ಗೇಟಿನಿಂದ ಜೋಗೇಶ್ವರಿಗೆ ನಿಧಾನ ಲೋಕಲ್ಲಿನಲ್ಲೂ ಒಂದು ಗಂಟೆ ಹಿಡಿಯುವುದಿಲ್ಲ, ಮಧ್ಯಾಹ್ನ ಎರಡರ ಹೊತ್ತಿಗೆ ಕೂರಲು ಸೀಟೂ ಸಿಗುತ್ತದೆ.