ಹೋಮ್ ಮುಟ್ಟಿದರೂ ರನ್ ಆಗಲಿಲ್ಲ

ಆಟದ ಲೆಕ್ಕ, 1/4
ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಕ್ರಿಕೆಟ್ ಆಡಿದವರಿಗೂ ಇದು ಗೊತ್ತು. ಎರಡನೇ ರನ್ನಿಗೆ ಓಡುವಾಗ ರನೌಟ್ ಆದ್ರೆ ಮೊದಲ ರನ್ ಉಳೀತದೆ. ಕ್ಯಾಚ್ ಔಟ್ ಆದ್ರೆ ಎಷ್ಟು ಓಡಿದ್ರೂ ಸೊನ್ನೆ. ಅಂದ್ರೆ ಓಡಿದ್ದೆಲ್ಲ ರನ್ ಅಲ್ಲ, ಔಟ್ ಯಾವ ಥರದ್ದು ಅನ್ನೋದರ ಮೇಲೆ ಲೆಕ್ಕ. ಬೇಸ್‌ಬಾಲ್‌ನಲ್ಲೂ ಹೀಗೇ. ಅಲ್ಲಿ ಈ ಲೆಕ್ಕ ಒಬ್ಬ ಹುಡುಗನ ಹೆಸರನ್ನೇ ಹಾಳು ಮಾಡಿತು.

2/4
ಮೊದಲು ನಿಯಮ ನೋಡಿ. ಮೂರು ಬೇಸ್ ಮುಟ್ಟಿ ಹೋಮ್ ಪ್ಲೇಟಿಗೆ ಬಂದ್ರೆ ಒಂದು ರನ್. ಮೂರು ಔಟಿಗೆ ಸರದಿ ಮುಗೀತು.

ಬ್ಯಾಟರ್ ಚೆಂಡು ಹೊಡೆದು ಓಡಿದಾಗ ಅವನಿಗೆ ಮೊದಲ ಬೇಸ್ ಬೇಕು. ಅಲ್ಲಿ ಆಗಲೇ ನಿಂತವನು ಜಾಗ ಬಿಟ್ಟು ಎರಡನೆಯದಕ್ಕೆ ಹೋಗಲೇಬೇಕು. ಅವನಿಗಿಂತ ಮೊದಲು ಫೀಲ್ಡರ್ ಚೆಂಡು ಹಿಡಿದು ಆ ಬೇಸ್ ತುಳಿದ್ರೆ ಔಟ್. ಇದು ಫೋರ್ಸ್ ಔಟ್. ಮೂರನೇ ಔಟ್ ಹೀಗೆ ಬಂದ್ರೆ, ಅಷ್ಟರೊಳಗೆ ಇನ್ನೊಬ್ಬ ಹೋಮ್ ದಾಟಿದ್ದರೂ ಆ ರನ್ ಇಲ್ಲ. ಆದರೆ ಓಡಲೇಬೇಕೆಂದಿಲ್ಲದವನು ಆಸೆಗೆ ಬಿದ್ದು ಮುಂದಿನ ಬೇಸಿಗೆ ಓಡಿ ಔಟಾದ್ರೆ, ಅದಕ್ಕಿಂತ ಮೊದಲು ಬಂದ ರನ್ ಉಳೀತದೆ.

ಇನ್ನು ಅಪೀಲ್. ಓಟಗಾರ ಬೇಸ್ ಮುಟ್ಟದೆ ದಾಟಿದ್ದನ್ನು ಅಂಪೈರ್ ಕಂಡರೂ ಸುಮ್ಮನಿರ್ತಾರೆ. ಎದುರು ತಂಡ ಮುಂದಿನ ಚೆಂಡು ಎಸೆಯುವ ಮೊದಲೇ ಕೇಳಬೇಕು. ಕೇಳದಿದ್ರೆ ರನ್ ಖಾಯಂ.

3/4
1908ರ ಸೆಪ್ಟೆಂಬರ್ 23, ನ್ಯೂಯಾರ್ಕ್. ಜೈಂಟ್ಸ್ ಮತ್ತು ಚಿಕಾಗೊ ಕಬ್ಸ್ 1-1 ಸಮ. ಕೊನೆಯ ಸರದಿ, ಎರಡು ಔಟ್. ಮೂರನೇ ಬೇಸಿನಲ್ಲಿ ಮೆಕಾರ್ಮಿಕ್, ಮೊದಲನೆಯದರಲ್ಲಿ 19 ವರ್ಷದ ಫ್ರೆಡ್ ಮರ್ಕಲ್. ಬ್ರಿಡ್‌ವೆಲ್ ಚೆಂಡು ಹೊಡೆದ, ಮೆಕಾರ್ಮಿಕ್ ಹೋಮ್ ಮುಟ್ಟಿದ. ಗೆದ್ದೆವು ಅಂತ ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಎರಡನೇ ಬೇಸಿಗೆ ಹೋಗದೆ ಡ್ರೆಸ್ಸಿಂಗ್ ರೂಮಿನ ಕಡೆ ತಿರುಗಿದ. ಆಗ ಎಲ್ಲರೂ ಮಾಡ್ತಿದ್ದದ್ದೇ ಅದು.

ಆದರೆ ಕಬ್ಸ್‌ನ ಜಾನಿ ಎವರ್ಸ್ ನಿಯಮ ಓದಿಕೊಂಡಿದ್ದ. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಇಂಥದ್ದನ್ನೇ ಅಂಪೈರ್ ಹ್ಯಾಂಕ್ ಓಡೇ ಹತ್ತಿರ ಕೇಳಿದ್ದ, ಆಗ ಸಿಕ್ಕಿರಲಿಲ್ಲ. ಈಗಲೂ ಅದೇ ಓಡೇ. ಎವರ್ಸ್ ಚೆಂಡು ತರಿಸಿ ಬೇಸ್ ತುಳಿದ. ಅದು ಅದೇ ಚೆಂಡಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ! ಓಡೇ ಔಟ್ ಕೊಟ್ಟರು. ಫೋರ್ಸ್ ಔಟ್, ಮೂರನೆಯದು, ರನ್ ರದ್ದು. ಪಂದ್ಯ ಸಮವೆಂದೇ ಉಳಿಯಿತು.

ಲೀಗ್ ಕೊನೆಗೆ ಎರಡೂ ತಂಡ ಸಮ. ಅಕ್ಟೋಬರ್ 8ರ ಮರುಪಂದ್ಯ ಕಬ್ಸ್ 4-2ರಿಂದ ಗೆದ್ದಿತು, ವರ್ಲ್ಡ್ ಸೀರೀಸನ್ನೂ ಗೆದ್ದಿತು. ಮರ್ಕಲ್ ಮುಂದೆ ವರ್ಷಗಟ್ಟಲೆ ಚೆನ್ನಾಗಿ ಆಡಿದ. ಜನ ಮಾತ್ರ ‘ಬೋನ್‌ಹೆಡ್’, ಅಂದ್ರೆ ಪೆದ್ದ, ಅಂತಲೇ ಕರೆದರು.

4/4
ಕೇಳೋ ಹಕ್ಕು ಇದ್ದವರಿಗೆ ಬಿಡೋ ಹಕ್ಕೂ ಇದೆ, ಕ್ರಿಕೆಟ್‌ನಲ್ಲಿ. 1980ರ ಫೆಬ್ರವರಿ, ವಾಂಖೆಡೆಯ ಜುಬಿಲಿ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್ ಕೀಪರ್ ಕ್ಯಾಚ್ ಅಂತ ಅಂಪೈರ್ ಬೆರಳು ಎತ್ತಿದರು. ಬ್ಯಾಟಿಗೆ ತಾಗಿಲ್ಲ ಅನಿಸಿ ನಾಯಕ, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅಪೀಲ್ ವಾಪಸ್ ತಗೊಂಡರು. ಟೇಲರ್ ಮತ್ತು ಬೋಥಮ್ ಸೇರಿ 171 ಹೊಡೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶಿ ಹೆಸರು ಮಾತ್ರ ಇನ್ನೂ ಗೌರವದಿಂದ ಹೇಳ್ತೇವೆ.

ಹಾಗಂತ ಎವರ್ಸ್ ಮಾಡಿದ್ದು ತಪ್ಪಾ? ನನ್ನ ಪ್ರಕಾರ ಅಲ್ಲ. ಟೇಲರ್ ಔಟಾಗಿರಲಿಲ್ಲ, ಮರ್ಕಲ್ ನಿಜಕ್ಕೂ ಬೇಸ್ ಮುಟ್ಟಿರಲಿಲ್ಲ. ಬಿಕಾಂ ಭಾಷೇಲಿ ಹೇಳೋದಾದ್ರೆ, ಎಲ್ಲರೂ ವೋಚರ್ ಇಲ್ದೆ ಎಂಟ್ರಿ ಹಾಕ್ತಿದ್ದರು, ಆಡಿಟ್ ಬಂದ ದಿನ ಸಿಕ್ಕಿಬಿದ್ದವನು ಕಿರಿಯ. ನಿಯಮ ಸರಿ, ಬೈಗುಳ ಒಬ್ಬನಿಗೇ ಹೋಗಿದ್ದು ಅನ್ಯಾಯ.

ನೀವಾಗಿದ್ರೆ ಅಪೀಲ್ ಮಾಡ್ತಿದ್ರಾ? ಕೆಳಗೆ ಬರೀರಿ.

#ಆಟದಲೆಕ್ಕ #ಶಿರಸಿ #ಸಿದ್ದಾಪುರ #ಯಲ್ಲಾಪುರ