ಗೋಪಾಲಸ್ವಾಮಿಬೆಟ್ಟದ ಕಾಲುದಾರಿ

ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಹೊರಟವನಿಗೆ ಹಂಗಳದಲ್ಲಿ ಬಲಕ್ಕೆ ತಿರುಗುವ ದಾರಿಯೊಂದುಂಟು. ಹುರುಳಿಯ ಹೊಲಗಳೂ ಸೂರ್ಯಕಾಂತಿಯ ತಾಕುಗಳೂ ಮುಗಿದೆಡೆಯಲ್ಲಿ, ಮಂಜಿನ ವಲ್ಲಿಯನ್ನು ತಲೆಗೆ ಸುತ್ತಿಕೊಂಡ ಹಿರಿಯನಂತೆ, ಹಿಮವದ್ ಗೋಪಾಲಸ್ವಾಮಿಬೆಟ್ಟವು ಅಲ್ಲಿ ಕುಳಿತಿರುತ್ತದೆ. ಎತ್ತರ 1454 ಮೀಟರು. ಬೆಳಗ್ಗೆ ಹತ್ತಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಬೆಟ್ಟ. ಕಂದೇಗಾಲದ ಪಾರ್ವತಿಬೆಟ್ಟವೂ ತೆರಕಣಾಂಬಿಯ ಬಳಿಯ ಹುಲುಗನಮುರಡಿಯೂ ಇದೇ ಜಾತಿಯವು. ಇವುಗಳನ್ನು ಹತ್ತುವುದಕ್ಕೆ ವಿಹಾರವೆಂಬ ಹೆಸರು ಬಂದದ್ದು ಈಚೆಗೆ. ಹಿಂದಿನವರು ‘ಬೆಟ್ಟಕ್ಕೆ ಹೋಗಿಬರುವುದು’ ಎನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಹರಕೆ, ಬುತ್ತಿ, ತಂಗಾಳಿ, ದಾರಿಯಲ್ಲಿ ಸಿಕ್ಕ ನೆಂಟರ ಕುಶಲಪ್ರಶ್ನೆ, ಎಲ್ಲವೂ ಅಡಗಿದ್ದವು.

ಬೆಟ್ಟದ ಗುಡಿಯು ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ್ದು. 1315ನೆಯ ಇಸವಿಯೂ ತೆರಕಣಾಂಬಿಯ ಮಾಧವ ದಂಡನಾಯಕನ ಹೆಸರೂ ಅದರೊಡನೆ ಸೇರಿ ಬರುತ್ತವೆ. ತಪ್ಪಲಿನ ಹಂಗಳಕ್ಕೂ ಒಂದು ರಾಜಕಥೆಯುಂಟು. 1673ರಲ್ಲಿ ಮೈಸೂರಿನ ಪಟ್ಟವೇರಿದ ಚಿಕ್ಕದೇವರಾಜ ಒಡೆಯರು, ಅದಕ್ಕೆ ಮುನ್ನ ತಾರುಣ್ಯದ ಹಲವು ವರ್ಷಗಳನ್ನು ರಾಜಧಾನಿಗೆ ದೂರವಾಗಿ ಈ ಊರಿನಲ್ಲಿ ಕಳೆದರು. ಮುಂದೆ ಮಂತ್ರಿಯಾದ ವಿಶಾಲಾಕ್ಷ ಪಂಡಿತನು ಅಲ್ಲಿ ಅವರ ಸಂಗಾತಿ. ಬೆಳಗಾದರೆ ಅವರ ಕಣ್ಣಿಗೆ ಬೀಳುತ್ತಿದ್ದುದು ಇದೇ ಮಂಜಿನ ನೆತ್ತಿ.

ಗುಡಿಯನ್ನು ಕಟ್ಟಿಸಿದವರಿಗೆ ಹೆಸರುಂಟು. ದಾರಿಯನ್ನು ಮಾಡಿದವರಿಗೆ ಇಲ್ಲ. ನನ್ನ ಎಣಿಕೆಯಲ್ಲಿ ಅದರ ಮೊದಲ ಶಿಲ್ಪಿ ಆನೆ. ಮೈಭಾರವನ್ನು ಹೊತ್ತು ಏರಬೇಕಾದ ಆ ಪ್ರಾಣಿಯು ಇಳಿಜಾರಿನಲ್ಲಿ ಸುಲಭವಾದ ಅಡ್ಡಜಾಡನ್ನೇ ಆರಿಸಿಕೊಳ್ಳುತ್ತದೆ. ಆನೆ ತುಳಿದ ಜಾಡಿನಲ್ಲಿ ದನ, ದನದ ಹಿಂದೆ ಕಾಯುವವನು, ಅವನ ಹಿಂದೆ ಜೇನು ಕೀಳುವ ಸೋಲಿಗನೂ ಕುರುಬನೂ, ಎಲ್ಲರ ಕೊನೆಗೆ ಹಣ್ಣುಕಾಯಿ ಹಿಡಿದ ಭಕ್ತನು. ಹೀಗೆ ಬಹುಜನರ ಪಾದದಿಂದ ಸವೆದ ದಾರಿಗೆ ಬಹುಜನರ ಕಟ್ಟಳೆಯೂ ಬೇಕು. ಭಾರ ಹೊತ್ತವನಿಗೆ, ವೃದ್ಧನಿಗೆ, ರೋಗಿಗೆ, ಸ್ತ್ರೀಗೆ, ಮದುವಣಿಗನಿಗೆ ದಾರಿ ಬಿಡತಕ್ಕದ್ದೆಂದು ಮನುಸ್ಮೃತಿಯೇ ವಿಧಿಸುತ್ತದೆ; ರಾಜನೂ ವೇದಾಧ್ಯಯನ ಮುಗಿಸಿದ ಸ್ನಾತಕನೂ ಎದುರಾದರೆ ಮರ್ಯಾದೆ ಸ್ನಾತಕನಿಗೆ ಎಂಬ ಸೂಕ್ಷ್ಮವೂ ಅಲ್ಲಿದೆ. ಆದರೆ ದಾರಿಯ ವಿಷಯದಲ್ಲಿ ಇಷ್ಟು ಉದಾರವಾದ ಶಾಸ್ತ್ರವು ಗುಡಿಯ ಬಾಗಿಲಲ್ಲಿ ಕೃಪಣವಾಯಿತು. ಇದೇ ಕಲ್ಲುಗಳನ್ನು ತುಳಿದು ಏರಿ ಹೊರಗೇ ನಿಲ್ಲಬೇಕಾದವರು ನಮ್ಮ ನಾಡಿನ ಬೆಟ್ಟಬೆಟ್ಟಗಳಲ್ಲಿ ಇದ್ದರೆಂಬುದನ್ನು ಮರೆತು ಹಳೆಯ ದಾರಿಯನ್ನು ಹೊಗಳುವುದು ಸಾಧುವಲ್ಲ.

ಶಾಸ್ತ್ರಕ್ಕಿಂತ ಹೊರೆಗಲ್ಲು ನನಗೆ ಹೆಚ್ಚು ಪ್ರಿಯ. ನಮ್ಮ ಸೀಮೆಯ ಹಳೆಯ ದಾರಿಗಳ ಬದಿಯಲ್ಲಿ ಅದು ಇನ್ನೂ ಅಲ್ಲಲ್ಲಿ ಉಳಿದಿದೆ: ಆಳಿನ ತಲೆಯ ಮಟ್ಟಕ್ಕೆ ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು. ಹೊತ್ತವನು ಮತ್ತೊಬ್ಬರ ಕೈಯನ್ನು ಬೇಡದೆ, ಬಗ್ಗದೆ, ಕತ್ತನ್ನಷ್ಟೇ ಹೊರಳಿಸಿ ಹೊರೆಯನ್ನು ಅದರ ಮೇಲೆ ಜಾರಿಸಬಹುದು. ದಣಿವಾರಿದ ಮೇಲೆ ಹಾಗೆಯೇ ಮತ್ತೆ ತಲೆಗೆ ತೆಗೆದುಕೊಳ್ಳಬಹುದು. ನಾನು ಕಂಡ ಒಂದು ಅಡ್ಡಗಲ್ಲಿನ ನಡುವು, ಸಾವಿರ ಹೊರೆಗಳು ಉಜ್ಜಿ ಉಜ್ಜಿ, ಒರಳಿನ ಒಳಮೈಯಂತೆ ನುಣುಪಾಗಿತ್ತು.

ಬಿಳಿಗಿರಿರಂಗನ ಬೆಟ್ಟದಲ್ಲಿಯಾದರೋ ದಾರಿಹೋಕರಲ್ಲಿ ದೇವರೂ ಒಬ್ಬನು. ರಂಗನಾಥನು ರಾತ್ರಿಯ ಹೊತ್ತು ಕಾಡನ್ನು ಸುತ್ತಿ ಪಾದರಕ್ಷೆಯನ್ನು ಸವೆಸುತ್ತಾನೆಂದು ನಂಬಿ, ಬೂದಿಪಡಗದ ಚರ್ಮಕಾರರು ಹೊಸ ದೊಡ್ಡ ಜೋಡನ್ನು ಮಾಡಿ ಒಪ್ಪಿಸುತ್ತಾರೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಅವನು ವರಿಸಿದ್ದರಿಂದ ಸೋಲಿಗರಿಗೆ ಅವನು ಭಾವ.

ಗೋಪಾಲಸ್ವಾಮಿಯ ಹೆಸರು ಬೆಟ್ಟದಿಂದಿಳಿದು ಕಾಡಿಗೂ ಬಂತು. 1931ರಲ್ಲಿ ಮೈಸೂರು ಸಂಸ್ಥಾನವು ಇಲ್ಲಿ ಸುಮಾರು 90 ಚದರ ಕಿಲೋಮೀಟರಿನ ಮೃಗವನವನ್ನು ಸ್ಥಾಪಿಸಿ ಅದಕ್ಕೆ ವೇಣುಗೋಪಾಲನ ಹೆಸರನ್ನಿಟ್ಟಿತು. ಅದೇ ಬೆಳೆದು 1973ರ ಹುಲಿಯೋಜನೆಯ ಬಂಡೀಪುರವಾಯಿತು. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ, ಕಾಡುಪ್ರಾಣಿಗಳ ಸಲುವಾಗಿ, ವಾಹನಸಂಚಾರಕ್ಕೆ ತಡೆಯಾಗಿದೆ. ಇದನ್ನು ಹೊಸ ಕಾನೂನೆಂದು ಗೊಣಗುವವರುಂಟು. ನನಗಾದರೆ ಭಾರ ಹೊತ್ತವನಿಗೆ ದಾರಿ ಬಿಡುವ ಹಳೆಯ ಮರ್ಯಾದೆಯೇ ವೇಷ ಬದಲಿಸಿ ಬಂದಂತೆ ತೋರುತ್ತದೆ. ಬೆಟ್ಟಕ್ಕೂ ಈಗ ಸ್ವಂತ ವಾಹನಗಳು ಏರುವಂತಿಲ್ಲ. ತಪ್ಪಲಿನಲ್ಲಿ ಇಳಿದು ಸರ್ಕಾರಿ ಬಸ್ಸು ಹತ್ತಬೇಕು.

ಬೆಟ್ಟದ ಮೇಲಿನ ಹಂಸತೀರ್ಥದಲ್ಲಿ ಮಿಂದ ಕಾಗೆಯು ಹಂಸವಾಯಿತೆಂದೂ, ಅಂದಿನಿಂದ ಅಲ್ಲಿ ಕಾಗೆಗಳಿಲ್ಲವೆಂದೂ ಪ್ರತೀತಿ. ನಾನು ಹೋದ ದಿನ ಕಾಗೆ ಕಾಣಲಿಲ್ಲ, ನಿಜ, ಹಂಸವೂ ಕಾಣಲಿಲ್ಲ. ಕಂಡದ್ದು ಬೇರೆ. ಅರ್ಧ ಬೆಟ್ಟದ ತಿರುವಿನಲ್ಲಿ ಚಾಲಕನು ಬಸ್ಸನ್ನು ನಿಲ್ಲಿಸಿ ಯಂತ್ರವನ್ನು ಆರಿಸಿದನು. ಮಂಜಿನೊಳಗಿಂದ ಒಂಟಿ ಸಲಗವೊಂದು, ಯಾರ ಗೊಡವೆಯೂ ಇಲ್ಲದೆ, ಡಾಂಬರನ್ನು ದಾಟಿ ಎದುರಿನ ಹಳೆಯ ಕಾಲುಜಾಡಿಗೆ ಇಳಿಯುತ್ತಿತ್ತು. ಹಿಂದಿನಿಂದ ಯಾರೋ ಗಡಿಬಿಡಿಯಿಂದ ಹಾರ್ನ್ ಹಾಕೆಂದರು. ಮುಂದಿನ ಸೀಟಿನಲ್ಲಿ ಮಡಿಲಿನ ತೆಂಗಿನಕಾಯಿಯನ್ನು ಒತ್ತಿ ಹಿಡಿದಿದ್ದ ಮುದುಕಿ ತಿರುಗಿಯೂ ನೋಡದೆ ಹೇಳಿದಳು: “ಬುಡು ಮಗ, ಹೋಗ್ಲಿ; ಅದೂ ಬೆಟ್ಟಕ್ಕೇ ಹೋಯ್ತಾ ಅದ.” ಹತ್ತು ನಿಮಿಷದ ಮೇಲೆ ಬಸ್ಸು ಹೊರಟಾಗ ದಾರಿಯ ಮೇಲೆ ಮುರಿದ ಕೊಂಬೆಯೊಂದೂ ಹಬೆಯಾಡುವ ಲದ್ದಿಯೂ ಬಿದ್ದಿದ್ದವು.